ಚೆನ್ನೈನಲ್ಲಿ ಫ್ಲ್ಯಾಟ್ ತಗೊಳ್ಳುವ ನಮ್ಮ ಹುಡುಗರಿಗೆ

ನಮ್ಮ ರಾಯಚೂರಿನಿಂದ ಚೆನ್ನೈಗೆ ಹೋದ ಹುಡುಗರು ಈಗ ಅಲ್ಲೇ ಫ್ಲ್ಯಾಟ್ ತಗೊಳ್ಳುತ್ತಿದ್ದಾರೆ. ಪ್ಲ್ಯಾನ್ ಕಳಿಸಿ ಹಿರಿಯರ ಅಭಿಪ್ರಾಯ ಕೇಳುತ್ತಾರೆ. ಬಾಗಿಲು ಯಾವ ದಿಕ್ಕಿಗೆ, ಅಡುಗೆಮನೆ ಆಗ್ನೇಯಕ್ಕಿದೆಯಾ ಅಂತ ಮನೆಯವರೆಲ್ಲ ಚರ್ಚೆ ಮಾಡುತ್ತಾರೆ. ಕಟ್ಟಡ ಎಂಥ ಮಣ್ಣಿನ ಮೇಲೆ ನಿಂತಿದೆ ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ಭೂಕಂಪದ ಮಾತೆತ್ತಿದರೆ, "ಮಾಮಾ, ಚೆನ್ನೈ ಝೋನ್ ಮೂರು, ಅಂಥ ಭಯ ಏನಿಲ್ಲ" ಅನ್ನುತ್ತಾರೆ.

ಝೋನ್ ನೋಡಿ ನಿಶ್ಚಿಂತೆಯಾಗಿರುವುದು ನನಗಂತೂ ಆಗದು. ಝೋನ್ ಅಂದರೆ ಭೂಕಂಪದ ಅಪಾಯಕ್ಕೆ ತಕ್ಕಂತೆ ದೇಶವನ್ನು ಹಂಚಿದ ವಲಯ, ಅಂಕಿ ಹೆಚ್ಚಾದಷ್ಟೂ ಅಪಾಯ ಹೆಚ್ಚು. 2002ರಲ್ಲಿ ಆ ನಕ್ಷೆ ತಿದ್ದುವವರೆಗೆ ಇದೇ ಚೆನ್ನೈ ಝೋನ್ ಎರಡರಲ್ಲಿತ್ತು. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಂತೂ ಅತಿ ಕಡಿಮೆ ಅಪಾಯದ ಒಂದನೇ ಝೋನಿನಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಏನಾಯಿತು ಅಂತ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಭೂಕಂಪಕ್ಕೆ ಸಾವಿರಾರು ಜನ ತಮ್ಮದೇ ಮನೆಯ ಕಲ್ಲುಗೋಡೆಗಳಡಿ ಸತ್ತರು.

ಅದೂ ಅಲ್ಲದೆ, ಅಷ್ಟು ದೊಡ್ಡ ನಗರಕ್ಕೆ ಒಂದೇ ಝೋನ್ ಅಂದರೆ ಹೇಗೆ? ಗಿಂಡಿ, ಸೇಂಟ್ ಥಾಮಸ್ ಮೌಂಟ್ ಕಡೆ ಸ್ವಲ್ಪ ಅಗೆದರೆ ಬಂಡೆ. ಕಡಲ ಪಕ್ಕ ಮರಳು. ಪಳ್ಳಿಕರಣೈ ಸುತ್ತ ಜೌಗು ತುಂಬಿಸಿ ಕಟ್ಟಿದ ಬಡಾವಣೆಗಳು. ಭೂಕಂಪದ ಅಡ್ಡ ಅಲೆ, ಅಂದರೆ ನೆಲವನ್ನು ಅಡ್ಡಡ್ಡ ಅಲುಗಿಸುವ ಅಲೆ, ಬಂಡೆಯಲ್ಲಿ ಸೆಕೆಂಡಿಗೆ 760 ಮೀಟರಿಗೂ ಜಾಸ್ತಿ ವೇಗದಲ್ಲಿ ಹೋಗುತ್ತದೆ. ತೀರಾ ಮೆತ್ತನೆ ಮಣ್ಣಿನಲ್ಲಿ 180 ಮೀಟರ್ ಕೂಡ ಇರುವುದಿಲ್ಲ. ಅಲೆ ನಿಧಾನವಾದಲ್ಲಿ ನೆಲ ಜಾಸ್ತಿ ತೂಗಾಡುತ್ತದೆ. ನೀರು ಕುಡಿದ ಸಡಿಲ ಮರಳು ಜೋರಾಗಿ ಅಲುಗಿದರಂತೂ ಅಂಬಲಿಯಂತಾಗುತ್ತದೆ. 1964ರಲ್ಲಿ ಜಪಾನಿನ ನೀಗಾಟದಲ್ಲಿ ಅಪಾರ್ಟ್‌ಮೆಂಟ್‌ಗಳು ಒಡೆಯದೆ, ಇಡಿಯಾಗಿ ಪಕ್ಕಕ್ಕೆ ಒರಗಿದ್ದು ಹೀಗೆಯೇ. ಅದೂ ಕಡಲ ಪಕ್ಕದ ಊರೇ.

ಕೆಳಗಿನ ಮಣ್ಣು ಎಂಥದು ಅಂತ ತಿಳಿಯುವುದು ಹೊಸ ವಿದ್ಯೆಯೇನಲ್ಲ. ನೆಲ ಕೊರೆದು, 63.5 ಕೆಜಿ ಸುತ್ತಿಗೆಯನ್ನು 75 ಸೆಂ.ಮೀ. ಮೇಲಿಂದ ಬೀಳಿಸುತ್ತಾರೆ. ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕಾಯಿತು ಅಂತ ಎಣಿಸುತ್ತಾರೆ. ಏಟು ಕಡಿಮೆಯಾದಷ್ಟೂ ಮಣ್ಣು ಮೆತ್ತಗೆ. ದೊಡ್ಡ ಕಟ್ಟಡಗಳಿಗೆ ಬಿಲ್ಡರ್‌ಗಳು ಇದನ್ನು ಮಾಡಿಸಿಯೇ ಪಾಯ ಹಾಕುವುದು. ವರದಿ ಅವರ ಫೈಲಿನಲ್ಲಿ ಸುಮ್ನೆ ಬಿದ್ದಿರುತ್ತದೆ. ಪಾಲಿಕೆಯವರು ಅಂಥ ವರದಿಗಳನ್ನೆಲ್ಲ ಕೂಡಿಸಿ, ವಾರ್ಡುವಾರು ನಕ್ಷೆ ಮಾಡಿ ಜನರ ಮುಂದಿಡಲಿ. ನಮ್ಮ ಎರೆ ನೆಲದಲ್ಲಿ ಗಟ್ಟಿ ಸಿಗುವವರೆಗೆ ಗೌಂಡಿ ಪಾಯ ಅಗೆಸುತ್ತಾನೆ, ನಾವು ಪಕ್ಕದಲ್ಲೇ ನಿಂತು ನೋಡುತ್ತೇವೆ. ಕೋಟಿ ಕೊಟ್ಟು ತಗೊಳ್ಳುವ ಫ್ಲ್ಯಾಟಿಗೆ ಆ ವರದಿ ಕೇಳಲು ಸಂಕೋಚ ಯಾಕೆ?

ಇನ್ನೊಂದು, ಕೆಳಗಿನ ಪಾರ್ಕಿಂಗ್. ಮೇಲೆಲ್ಲ ಗೋಡೆ, ಕೆಳಗೆ ಬರೀ ಕಂಬ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, 200 ಕಿ.ಮೀ.ಗೂ ಆಚೆಗಿದ್ದ ಅಹಮದಾಬಾದಿನಲ್ಲಿ ಇಂಥ ಕಟ್ಟಡಗಳೇ ಕುಸಿದವು. ಕಂಬಗಳನ್ನು ಇದಕ್ಕೆ ತಕ್ಕಂತೆ ಲೆಕ್ಕ ಹಾಕಿದ್ದಾರಾ ಅಂತ ಎಂಜಿನಿಯರನ್ನು ಕೇಳಿ. ಈಗಾಗಲೇ ತಗೊಂಡಾಗಿದ್ದರೆ, ಪರೀಕ್ಷೆ ಮಾಡಿಸಿ ಕಂಬಗಳ ನಡುವೆ ಅಲ್ಲಲ್ಲಿ ಕಾಂಕ್ರೀಟ್ ಗೋಡೆ ಸೇರಿಸಬಹುದು. ನಾಲ್ಕು ಕಾರಿನ ಜಾಗ ಹೋಗುತ್ತದೆ, ಅಸೋಸಿಯೇಷನ್ ಮೀಟಿಂಗಿನಲ್ಲಿ ಜಗಳ ಆಗುತ್ತದೆ. ಆಗಲಿ ಬಿಡಿ.