ರೂಲ್‌ಗೆ ರೂಲೇ ಅಡ್ಡ ಬಂದಾಗ

ಆಟದ ಮಧ್ಯ ಎರಡು ರೂಲ್ ಒಂದಕ್ಕೊಂದು ಡಿಕ್ಕಿ ಹೊಡೆದ್ರೆ "ಬಿಡ್ರಪ್ಪಾ, ಎಲ್ಲರೂ ಒಪ್ಪೋ ಹಾಗೆ ಏನೋ ಒಂದು ಮಾಡ್ಕೊಳ್ಳೋಣ" ಅನ್ನೋರು ಯಾವಾಗ್ಲೂ ಇರ್ತಾರೆ. ನಂಗಿದು ಸುತರಾಂ ಒಪ್ಪಿಗೆ ಇಲ್ಲ. ಅಷ್ಟು ಹೊತ್ತಿಗೆ ಯಾವ ತೀರ್ಪು ಬಂದ್ರೆ ಯಾರಿಗೆ ಲಾಭ ಅಂತ ಎಲ್ಲರಿಗೂ ಗೊತ್ತಾಗಿರುತ್ತೆ, ಆಮೇಲೆ ನಡೆಯೋದು ಬರೀ ಚೌಕಾಸಿ, ಬಾಯಿ ಜೋರಿರೋನು ಗೆಲ್ತಾನೆ. ಯಾವ ರೂಲ್ ದೊಡ್ಡದು ಅನ್ನೋದು ಆಟ ಶುರುವಾಗೋಕೆ ಮುಂಚೆನೇ ತೀರ್ಮಾನ ಆಗಿರ್ಬೇಕು.

ಡಿಪ್ಲೊಮಸಿ ಅನ್ನೋ ಬೋರ್ಡ್ ಗೇಮ್ ನೋಡಿ, 1959ರಲ್ಲಿ ಆಲನ್ ಕ್ಯಾಲ್ಹ್ಯಾಮರ್ ಹೊರಗೆ ತಂದಿದ್ದು. ದಾಳ ಇಲ್ಲ, ಎಲ್ಲರೂ ಗುಟ್ಟಾಗಿ ಆರ್ಡರ್ ಬರೀತಾರೆ, ಎಲ್ಲಾ ನಡೆನೂ ಒಟ್ಟಿಗೇ ಆಗುತ್ತೆ. ಫಜೀತಿ ಇರೋದೇ ಇಲ್ಲಿ. ನನ್ನ ಆರ್ಮಿನ ನನ್ನದೇ ಒಂದು ಫ್ಲೀಟ್ ಸಮುದ್ರ ದಾಟಿಸ್ತಿದೆ ಅನ್ಕೊಳ್ಳಿ (ಇದಕ್ಕೇ ಕಾನ್ವಾಯ್ ಅನ್ನೋದು). ಎದುರಾಳಿ ಆ ಫ್ಲೀಟ್ ಮೇಲೆ ಬೀಳ್ತಾನೆ, ಅವನ ದಾಳಿಗೆ ಸಪೋರ್ಟ್ (ಅಂದ್ರೆ ಹೆಚ್ಚುವರಿ ಬಲ, ಕೊಡ್ತಿರೋನ ಮೇಲೇ ದಾಳಿ ಆದ್ರೆ ಅದು ಕಟ್) ಕೊಡ್ತಿರೋದು ಆಚೆ ದಡದಲ್ಲಿರೋ ಅವನ ಇನ್ನೊಂದು ಫ್ಲೀಟ್, ನನ್ನ ಆರ್ಮಿ ಹೋಗಿ ಹೊಡೀಬೇಕಾಗಿರೋದೂ ಅದನ್ನೇ. ಆರ್ಮಿ ತಲುಪ್ತು ಅಂದ್ರೆ ಸಪೋರ್ಟ್ ಕಟ್ ಆಯ್ತು, ದಾಳಿ ಫೇಲ್, ಕಾನ್ವಾಯ್ ಉಳೀತು, ಸೋ ತಲುಪಿದ್ದು ಸರಿ. ತಲುಪಲಿಲ್ಲ ಅಂದ್ರೆ ಸಪೋರ್ಟ್ ಹಾಗೇ ಇದೆ, ನನ್ನ ಫ್ಲೀಟ್ ಎತ್ತಂಗಡಿ, ಆರ್ಮಿ ದಾಟೋಕಾಗಲ್ಲ, ಅದೂ ಸರಿ! ಎರಡು ಉತ್ತರ, ಎರಡರಲ್ಲೂ ತಪ್ಪು ಹುಡುಕೋಕಾಗಲ್ಲ.

ಇದನ್ನೇ ಸ್ವಲ್ಪ ತಿರುಗಿಸಿ. ಆಚೆ ದಡದಲ್ಲಿರೋದು ಮೂರನೆಯವನ ಫ್ಲೀಟು, ಅದು ಎದುರಾಳಿಯ ದಾಳಿಯಿಂದ ನನ್ನ ಕಾನ್ವಾಯ್ ಫ್ಲೀಟನ್ನೇ ಕಾಪಾಡ್ತಿದೆ, ಅದರ ಸಪೋರ್ಟ್ ಇದ್ರೆ ಮಾತ್ರ ಕಾನ್ವಾಯ್ ಉಳಿಯೋದು, ಆದ್ರೂ ನನ್ನ ಆರ್ಮಿ ಹೋಗಿ ಅದನ್ನೇ ಹೊಡೀತಿದೆ. ತಲುಪಿದ್ರೆ ತಲುಪೋಕಾಗಲ್ಲ, ತಲುಪದಿದ್ರೆ ತಲುಪುತ್ತೆ. ಈ ಸಲ ಉತ್ತರಾನೇ ಇಲ್ಲ. ಈ ಎರಡು ಬೇರೆ ಬೇರೆ ಕಾಯಿಲೆ, ಜನ ಎರಡನ್ನೂ ಒಟ್ಟಿಗೆ ಸೇರಿಸಿ "ಕನ್ಫ್ಯೂಷನ್" ಅಂದುಬಿಡ್ತಾರೆ.

ಇಂಥದಕ್ಕೆ ಸೈಮನ್ ಜಿಕ್‌ಮನ್ ಹೆಸರಲ್ಲಿ ಒಂದು ರೂಲ್ ಇದೆ: ಗಂಟಿನಲ್ಲಿ ಸಿಕ್ಕಿರೋ ಕಾನ್ವಾಯ್ ಆರ್ಮಿ ಕದಲಲೇ ಇಲ್ಲ ಅಂತ ಲೆಕ್ಕ ಹಾಕಿ, ಮುಗೀತು. "ಇದಕ್ಕೆ ಲಾಜಿಕ್ ಏನು, ಸುಮ್ನೆ ಯಾವುದೋ ಒಂದನ್ನ ಆರಿಸ್ಕೊಂಡಂಗಾಯ್ತು" ಅಂತ ಬೈಯೋರಿದಾರೆ. ಹೌದು, ಆರಿಸ್ಕೊಂಡಿದ್ದೇ. ಆದ್ರೆ ಆ ರೂಲ್ ಯಾರು ಗೆಲ್ತಿದಾರೆ ಅಂತ ನೋಡಲ್ಲ, ಎರಡು ಉತ್ತರ ಇದ್ರೂ ಉತ್ತರ ಇಲ್ಲದಿದ್ರೂ ಒಂದೇ ಥರ ಕೆಲ್ಸ ಮಾಡುತ್ತೆ, ನಂಗೆ ಅಷ್ಟು ಸಾಕು.

ಮ್ಯಾಜಿಕ್ ಕಾರ್ಡ್ ಗೇಮ್‌ನವರು ಇದನ್ನ ಇನ್ನೂ ನೀಟಾಗಿ ಬರೆದಿಟ್ಟಿದಾರೆ. ಕಾರ್ಡ್‌ಗೂ ರೂಲ್ ಪುಸ್ತಕಕ್ಕೂ ಜಗಳ ಆದ್ರೆ ಕಾರ್ಡ್ ಗೆಲ್ಲುತ್ತೆ, ಒಂದು "ಮಾಡ್ಬಹುದು" ಇನ್ನೊಂದು "ಮಾಡಂಗಿಲ್ಲ" ಅಂದ್ರೆ "ಮಾಡಂಗಿಲ್ಲ" ಗೆಲ್ಲುತ್ತೆ, ಯಾರೂ ನಿಲ್ಲಿಸೋಕಾಗದ ಕಡ್ಡಾಯದ ಲೂಪ್ ಆದ್ರೆ ಆಟ ಡ್ರಾ.

ಚೆಸ್‌ನಂಥ ಚೆಸ್‌ನಲ್ಲೂ ತೂತಿತ್ತು ಕಣ್ರೀ. ಒಂದೇ ನಡೆಗಳ ಸರಣಿ ಬೆನ್ನುಬೆನ್ನಿಗೆ ಮೂರು ಸಲ ಬಂದ್ರೆ ಡ್ರಾ ಅನ್ನೋ ಹಳೇ ರೂಲ್ ಇಟ್ಕೊಂಡ್ರೆ ಆಟ ಮುಗಿಯದೇ ಹೋಗ್ಬಹುದು ಅಂತ 1929ರಲ್ಲಿ ಡಚ್ ಚೆಸ್ ಆಟಗಾರ ಮ್ಯಾಕ್ಸ್ ಯೂವೆ ಗಣಿತದಲ್ಲೇ ತೋರಿಸಿಬಿಟ್ರು. ಈಗ ಎಣಿಸೋದು ಬೋರ್ಡಿನ ಸ್ಥಿತಿನ: ಮೂರು ಸಲ ಬಂದ್ರೆ ಆಟಗಾರ ಡ್ರಾ ಕೇಳ್ಬಹುದು, ಐದು ಸಲ ಬಂದ್ರೆ ಯಾರೂ ಕೇಳದಿದ್ರೂ ಡ್ರಾ, ಈ ಐದರ ರೂಲ್ ಬಂದಿದ್ದು 2014ರಲ್ಲಿ.

"ಎಲ್ಲಾ ಸಂದರ್ಭಕ್ಕೂ ರೂಲ್ ಬರೆಯೋಕಾಗಲ್ಲ" ಅಂತ ನೀವು ಹೇಳ್ಬಹುದು. ನಿಜ, ಚೆಸ್ ನಿಯಮಗಳ ಮುನ್ನುಡಿಯಲ್ಲೇ ಆ ಮಾತಿದೆ, ಅಂಥ ಕಡೆ ಹೋಲುವ ಸಂದರ್ಭ ನೋಡ್ಕೊಂಡು ತೀರ್ಮಾನ ಮಾಡಿ ಅಂತಾರೆ. ಆದ್ರೆ ಅಲ್ಲಿ ತೀರ್ಮಾನ ಮಾಡೋನು ಆರ್ಬಿಟರ್ (ಪಂದ್ಯದ ತೀರ್ಪುಗಾರ), ಅವನಿಗೆ ಬೋರ್ಡಿನ ಮೇಲೆ ಒಂದು ಕಾಯಿನೂ ಇರಲ್ಲ. ಆಡ್ತಿರೋರೇ ತೀರ್ಪು ಕೊಡ್ಬೇಕಾದ ಕಡೆ ಅದು ನಡಿಯಲ್ಲ.

ಪೀಟರ್ ಸೂಬರ್ 1982ರಲ್ಲಿ ಮಾಡಿದ ನೋಮಿಕ್ ಆಟದಲ್ಲಂತೂ ರೂಲ್ ಬದಲಾಯಿಸೋದೇ ಆಟ. ಅಲ್ಲೂ ಒಂದೇ ಜಾತಿಯ (ಎರಡೂ ಸುಲಭವಾಗಿ ಬದಲಾಗೋ ಅಥವಾ ಎರಡೂ ಬದಲಾಗದ) ರೂಲ್‌ಗಳು ಜಗಳ ಆಡಿದ್ರೆ ಚಿಕ್ಕ ನಂಬರ್ ಇರೋದು ಗೆಲ್ಲುತ್ತೆ ಅಂತ ಮೊದಲೇ ಇದೆ. ಅಷ್ಟೇ ಅಲ್ಲ, ಒಂದು ನಡೆ ಸರಿಯೋ ತಪ್ಪೋ ಅಂತ ಯಾವ ರೀತೀಲೂ ಹೇಳೋಕಾಗದ ಗಂಟು ಬಿದ್ರೆ, ತನ್ನ ಸರದಿ ಮುಗಿಸೋಕಾಗದೆ ಮೊದಲು ಸಿಕ್ಕಿಹಾಕ್ಕೊಂಡೋನೇ ಗೆದ್ದ ಅಂತ, ಅದನ್ನೂ ಬರೆದೇ ಆಟ ಶುರು ಮಾಡ್ತಾರೆ.