ಒಂದೇ ಪೀಲ್‌ಗೆ ಮುಖ ಕಾಯಂ ಬೆಳ್ಳಗಾಗುತ್ತಾ?

ಮದುವೆ ಸೀಸನ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆ ಮೆಸೇಜ್ ಮತ್ತೆ ಬರುತ್ತದೆ: ಮನೆಯಲ್ಲೇ ಕೆಮಿಕಲ್ ಪೀಲ್ ಹಚ್ಚಿಕೊಳ್ಳಿ, ಬಣ್ಣ ಕಾಯಂ ತಿಳಿಯಾಗುತ್ತದೆ. ಕಳಿಸುವವರು ಒಳ್ಳೇದಾಗಲಿ ಅಂತಲೇ ಕಳಿಸುತ್ತಾರೆ. ಆದರೆ ಅದು ನಿಜವಲ್ಲ.

ಪೀಲ್ ಅಂದರೆ ಗ್ಲೈಕೋಲಿಕ್, ಸ್ಯಾಲಿಸಿಲಿಕ್‌ನಂಥ ಆಸಿಡ್. ಅದು ಚರ್ಮದ ಮೇಲ್ಪದರ ಸುಲಿಯುತ್ತದೆ. ಬಣ್ಣ ಕೊಡುವ ಮೆಲನಿನ್ ಮತ್ತೆ ತಯಾರಾಗುತ್ತಲೇ ಇರುತ್ತದೆ. ಮೊಡವೆ ಕಲೆ ತಿಳಿಯಾಗಬಹುದು, ಅದಕ್ಕೂ ಹಲವು ಸಲ ಬೇಕು. ಆಳವಾದ ಗುಂಡಿಗಳು ಹಾಗೇ ಉಳಿಯುವುದೂ ಉಂಟು. ನಮ್ಮಂಥ ಕಂದು ಮೈಬಣ್ಣದವರಿಗೆ ಇನ್ನೊಂದು ಅಪಾಯ ಜಾಸ್ತಿ. ಆಸಿಡ್ ಜೋರಾಗಿ ಚರ್ಮ ಸುಟ್ಟರೆ ಆ ಜಾಗ ಮೊದಲಿಗಿಂತ ಕಪ್ಪಾಗಬಹುದು, ತಿಂಗಳುಗಟ್ಟಲೆ ಹೋಗದೇ ಇರಬಹುದು. ಸುಲಿದ ಮುಖಕ್ಕೆ ನಮ್ಮ ಏಪ್ರಿಲ್ ಬಿಸಿಲು ಬಿದ್ದರಂತೂ ಇನ್ನೂ ಕಷ್ಟ.

ಮೆಸೇಜ್ ಜೊತೆಗಿನ 'ಮೊದಲು', 'ಆಮೇಲೆ' ಎಂಬ ಎರಡು ಫೋಟೋ ದೊಡ್ಡದು ಮಾಡಿ ನೋಡಿ. ಹಿಂದಿನ ಗೋಡೆ, ಸೀರೆಯ ಅಂಚು ಕೂಡ ಬೆಳ್ಳಗಾಗಿದೆಯಾ? ಹಾಗಾದರೆ ಬದಲಾಗಿದ್ದು ಬೆಳಕು. ಬಾಟಲಿ ಮೇಲೆ ಆಸಿಡ್ ಹೆಸರು, ಎಷ್ಟು ಪರ್ಸೆಂಟ್ ಅಂತ ಬರೆದಿದೆಯಾ? ಆ ಹೆಸರಿಗೆ 'ಅಡ್ಡಪರಿಣಾಮ' ಎಂದು ಸೇರಿಸಿ ಹುಡುಕಿ.

ಈಗಾಗಲೇ ಹಚ್ಚಿ ಉರಿ, ಗುಳ್ಳೆ ಬಂದಿದ್ದರೆ ತಣ್ಣೀರಲ್ಲಿ ಚೆನ್ನಾಗಿ ತೊಳೆದುಕೊಳ್ಳಿ. ಮೇಲೆ ನಿಂಬೆ, ಅರಿಶಿನ ಏನೂ ಹಚ್ಚಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.