ಸಂಕಟ ಬಂದಾಗ ಸಿಲಿಕಾನ್

ಮಂಚ, ಅಡುಗೆಮನೆ ಎಲ್ಲ ಒಳಗೇ ಇರುವ ಹಳೆಯ ಮೋಟಾರ್‌ಹೋಮ್‌ನ ಚಾವಣಿ ಮೇಲೆ ಬೋರಲು ಮಲಗಿ, ಸೋರುವ ಸಂದಿಗೆ ಬಳಿದ ಸಿಲಿಕಾನ್ ಅಂಟನ್ನು ಇಡೀ ಬೆಳಿಗ್ಗೆ ಕೆರೆದವರಿಗೆ ಮಾತ್ರ ಗೊತ್ತಾಗುವ ಒಂದು ಸಿಟ್ಟಿದೆ. ಅದು ಗಾಡಿಯ ಮೇಲಿನದಲ್ಲ, ಮಳೆಯ ಮೇಲಿನದೂ ಅಲ್ಲ. ಹಳೇ ಓನರ್ ಮೇಲಿನದು. ಅವನ ಕೈಚಳಕ ಉಗುರಿನ ಸಂದಿಯಲ್ಲಿ ಇನ್ನೂ ಅಂಟಿಕೊಂಡಿರುವಾಗಲೇ ಇದನ್ನು ಹೇಳಿಬಿಡಬೇಕು.

ಇಂಥ ಗಾಡಿ ಕೊಂಡವರೆಲ್ಲರ ಕನಸೂ ಒಂದೇ. ಕಾರ್ಬ್ಯುರೇಟರ್ ಕಿತ್ತು ಫ್ಯುಯೆಲ್ ಇಂಜೆಕ್ಷನ್, ಒಳ್ಳೇ ಬ್ರೇಕು, ಲಿಥಿಯಂ ಬ್ಯಾಟರಿ, ಸೋಲಾರ್, ಹೊರಟೆವು. ಆದರೆ ಐವತ್ತು ವರ್ಷದ ಗಾಡಿಯಲ್ಲಿ ರಿಪೇರಿ ಮಾಡಬೇಕಾದ್ದು ಕಮ್ಮಿ, ಆಗಲೇ ಆಗಿರುವ ರಿಪೇರಿಗಳನ್ನು ಬಿಚ್ಚಬೇಕಾದ್ದೇ ಜಾಸ್ತಿ.

ಸಿಲಿಕಾನ್ ಕೆಟ್ಟ ವಸ್ತುವೇನಲ್ಲ. ಬಚ್ಚಲುಮನೆಯ ಟೈಲ್ಸ್ ಪಕ್ಕದಲ್ಲಿ ಮರ್ಯಾದೆಯಿಂದಲೇ ಇರುತ್ತದೆ. ಚಾವಣಿ ಹತ್ತಿದರೆ ಕೆಡುತ್ತದೆ. ಅಲ್ಲಿ ಬಿಸಿಲಿಗೆ ಹಿಗ್ಗುವುದು, ರಾತ್ರಿ ಕುಗ್ಗುವುದು, ರಸ್ತೆಯ ಕುಲುಕಾಟಕ್ಕೆ ಇಡೀ ಪೆಟ್ಟಿಗೆ ತಿರುಚುವುದು ನಡೆದೇ ಇರುತ್ತದೆ. ಅಂಚು ಒಂದು ಕಡೆ ಬಿಟ್ಟರೆ ಸಾಕು. ಅದಕ್ಕಿಂತ ದೊಡ್ಡ ತಲೆನೋವೆಂದರೆ, ಸಿಲಿಕಾನ್ ಕೂತೆದ್ದ ಜಾಗದಲ್ಲಿ ಬೇರೆ ಸೀಲಂಟ್ ಹಿಡಿಯುವುದಿಲ್ಲ, ಪೇಂಟ್ ಹಿಡಿಯುವುದಿಲ್ಲ. ಹಳೇ ಸಿಲಿಕಾನ್ ಮೇಲೆ ಹೊಸ ಸಿಲಿಕಾನೂ ನೆಟ್ಟಗೆ ಕೂರುವುದಿಲ್ಲ. ದಾಯಾದಿಗಳಿದ್ದ ಹಾಗೆ.

ಹಳೇ ಓನರ್ ಹೊರಗೆ ಬಳಿದು ಸುಮ್ಮನಾಗಲಿಲ್ಲ. ಒಳಗೆ ತೊಟ್ಟಿಕ್ಕುವ ಜಾಗಕ್ಕೂ ಬಳಿದ. ನೀರು ಇಳಿಯುವುದು ಗಾಡಿಯ ಅಂಚು ತೋರಿಸುವ ಸಣ್ಣ ದೀಪದ, ಅಂದರೆ ಮುಂದಿನ ಮಾರ್ಕರ್ ದೀಪದ, ಸ್ಕ್ರೂ ತೂತಿನಲ್ಲಿ. ಅಲ್ಲಿಂದ ಚೌಕಟ್ಟಿನ ಗುಂಟ ಎರಡು ಮೀಟರ್ ನಡೆದು ಮಂಚದ ಮೇಲೆ ಬೀಳುತ್ತದೆ. ಅವನು ಮುಚ್ಚಿದ್ದು ಮಂಚದ ಮೇಲಿನ ಬಿರುಕನ್ನು. ಬಂದ ನೀರಿಗೆ ವಾಪಸ್ ಹೋಗುವ ದಾರಿಯಿಲ್ಲದೆ ಪ್ಲೈವುಡ್‌ನಲ್ಲೇ ಸಂಸಾರ ಹೂಡಿತು. ಈಗ ಸ್ಕ್ರೂಡ್ರೈವರ್ ಮೊನೆ ಒತ್ತಿದರೆ ಹಲಗೆ ನೆನೆದ ರಟ್ಟಿನ ಹಾಗೆ ಒಳಗೆ ಬಿಟ್ಟುಕೊಳ್ಳುತ್ತದೆ.

ಅಷ್ಟಕ್ಕಾದರೂ ಬಿಟ್ಟನೇ? ಕಿಟಕಿ ಚೌಕಟ್ಟಿನ ಕೆಳಪಟ್ಟಿಯಲ್ಲಿ ಸಣ್ಣ ಸೀಳುತೂತುಗಳಿರುತ್ತವೆ. ಗಾಜು ಜಾರುವ ಹಳಿಯೊಳಗೆ ಬಿದ್ದ ಮಳೆನೀರು ಹೊರಗೆ ಹೋಗಲಿ ಎಂದು ಮಾಡಿದವರೇ ಬಿಟ್ಟ ದಾರಿ ಅದು. ಆದರೆ ತೂತು ಕಂಡರೆ ಇವನ ಕೈ ಸುಮ್ಮನಿರುವುದಿಲ್ಲವಲ್ಲ. ಒಂದೊಂದು ಕಿಟಕಿಯ ಒಂದೊಂದು ತೂತನ್ನೂ ಮುಚ್ಚಿ, ಬೆರಳಿನಲ್ಲಿ ನಯಮಾಡಿ, ಅಂಚು ಒರೆಸಿದ್ದಾನೆ. ಇಡೀ ಗಾಡಿಯಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದಿಲ್ಲ! ಹಳಿ ತುಂಬಿದ ನೀರು ಎಲ್ಲಿಗೆ ಹೋಗಬೇಕು? ಒಳಗೆ ಉಕ್ಕಿತು. ಅವನು ನೋಡಿದ. "ಅಯ್ಯೋ, ಇನ್ನೂ ಸೋರ್ತಾ ಇದೆ" ಅಂದ. ಇನ್ನೊಂದು ಟ್ಯೂಬ್ ತಂದ.

ಇದನ್ನು ಬಿಡಿಸಲು ಅಡ್ಡದಾರಿಯಿಲ್ಲ. ದೀಪ, ವೆಂಟು, ಕಿಟಕಿ ಎಲ್ಲ ಬಿಚ್ಚಬೇಕು. ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲೇ ಕೆರೆಯಬೇಕು, ಲೋಹದ್ದು ಫೈಬರ್‌ಗ್ಲಾಸನ್ನು ಗೀರುತ್ತದೆ. ಆಮೇಲೆ ಸಿಲಿಕಾನ್ ರಿಮೂವರ್, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಮುಗಿಯಿತು ಅನ್ನಿಸಿದಾಗ ನೀರು ಚಿಮುಕಿಸಿ ನೋಡಿ. ತೆಳ್ಳಗೆ ಹರಡಿದರೆ ಸರಿ. ಹನಿಹನಿಯಾಗಿ ಉಂಡೆಗಟ್ಟಿದರೆ ಅವನು ಇನ್ನೂ ಅಲ್ಲೇ ಇದ್ದಾನೆ. ಜೋಡಿಸುವಾಗ ಬ್ಯುಟೈಲ್ ಟೇಪ್ ಎಂಬ ಜಿಗುಟು ರಬ್ಬರ್ ಪಟ್ಟಿ ಹಾಕಿ. ಅದು ನಿಧಾನವಾಗಿ ಹಿಂಡಿಕೊಂಡು ಹೊರಬರುವುದರಿಂದ ಮರುದಿನ ಸ್ಕ್ರೂಗಳಿಗೆ ಇನ್ನೊಂದು ಸುತ್ತು ಕೊಡಿ. ಚಾವಣಿಯ ಅಂಚುಗಳಿಗೆ ತಾನೇ ಸಮವಾಗಿ ಹರಡಿಕೊಳ್ಳುವ ಲ್ಯಾಪ್ ಸೀಲಂಟ್. ಕಿಟಕಿಯ ಕೆಳಗಿನ ತೂತುಗಳಿಗೆ ಏನೂ ಇಲ್ಲ. ದಯವಿಟ್ಟು ಏನೂ ಇಲ್ಲ.

ಇನ್ನು ಇಂಜೆಕ್ಷನ್. ಹಳೇ ವ್ಯವಸ್ಥೆಯಲ್ಲಿ ಪಂಪು ಎಂಜಿನ್‌ಗೆ ಅಂಟಿಕೊಂಡು, ದೂರದ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಎಳೆದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಎಂಜಿನ್ ಬಿಸಿಗೆ ಪೆಟ್ರೋಲ್ ಅಲ್ಲೇ ಕುದಿದು ಆವಿಯಾಗುತ್ತದೆ, ಏರುದಾರಿಯ ನಡುವೆ ಗಾಡಿ ಉಸಿರು ಬಿಡುತ್ತದೆ. ಎಥನಾಲ್ ಬೆರೆತ ಪೆಟ್ರೋಲ್‌ಗಂತೂ ಕುದಿಯಲು ನೆಪ ಸಾಕು. ಪಂಪನ್ನು ಟ್ಯಾಂಕಿನೊಳಗೇ ಇಟ್ಟು, ಎಳೆಯುವ ಬದಲು ತಳ್ಳಿಸಿದರೆ ಆ ರಗಳೆ ಮುಗಿಯಿತು. ಆದರೆ ಕಾರ್ಬ್ಯುರೇಟರ್‌ಗೆ ಐದಾರು ಪಿಎಸ್‌ಐ ಒತ್ತಡ ಸಾಕಿತ್ತು. ಕಾರ್ಬ್ಯುರೇಟರ್ ಜಾಗದಲ್ಲೇ ಕೂರುವ ಈಗಿನ ಥ್ರಾಟಲ್ ಬಾಡಿ ಇಂಜೆಕ್ಷನ್ ಕಿಟ್‌ಗಳಲ್ಲಿ ಹಲವಕ್ಕೆ ಸುಮಾರು 58 ಬೇಕು. ಹಳೇ ರಬ್ಬರ್ ಪೈಪು, ಸಾದಾ ಕ್ಲಿಪ್ಪು ಇದನ್ನು ತಡೆಯುವುದಿಲ್ಲ. ಇಂಜೆಕ್ಷನ್ ಒತ್ತಡ ತಡೆಯುತ್ತದೆ ಎನ್ನುವ ಗುರುತಾಗಿ ಮೈಮೇಲೆ 30ಆರ್9 ಎಂದು ಅಚ್ಚಾಗಿರುವ ಹೋಸ್, ಇಂಜೆಕ್ಷನ್ ಕ್ಲ್ಯಾಂಪ್, ಪಂಪಿಗೂ ಇಂಜೆಕ್ಟರ್‌ಗೂ ನಡುವೆ 10 ಮೈಕ್ರಾನ್ ಫಿಲ್ಟರ್ ಬೇಕು. ಫಿಲ್ಟರ್ ಯಾಕೆಂದರೆ, ಹಳೇ ಓನರ್ ಪೆಟ್ರೋಲ್ ಪೈಪಿನ ತಿರುಪು ಜೋಡಣೆಗಳಿಗೂ ಸಿಲಿಕಾನ್ ತಿಕ್ಕಿರುತ್ತಾನೆ. ಪೆಟ್ರೋಲ್‌ನಲ್ಲಿ ಅದು ಊದಿಕೊಂಡು ಚೂರುಚೂರಾಗಿ ಕಿತ್ತುಬರುತ್ತದೆ. ಕಾರ್ಬ್ಯುರೇಟರ್ ಹೇಗೋ ನುಂಗಿಕೊಂಡೀತು, ಇಂಜೆಕ್ಟರ್ ನುಂಗುವುದಿಲ್ಲ.

ಇಂಜೆಕ್ಷನ್ ಕಂಪ್ಯೂಟರ್‌ಗೆ ಒಳ್ಳೇ ಅರ್ಥಿಂಗ್ ಬೇಕು. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಂಕಾಗುವ ಗಾಡಿಯಲ್ಲಿ ಅದು ಎಲ್ಲಿಂದ ಬರಬೇಕು? ದೀಪ ಉರಿಯುವಾಗ ಬ್ಯಾಟರಿಯ ನೆಗೆಟಿವ್‌ಗೂ ದೀಪದ ಅರ್ಥ್ ತಂತಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. 0.2 ವೋಲ್ಟ್ ದಾಟಿದರೆ ಆ ಜೋಡಣೆ ಕೆಟ್ಟಿದೆ. ಬಿಚ್ಚಿದರೆ ಹಸಿರು ಪಾಚಿ ಹಿಡಿದ ತಾಮ್ರ, ಅದರ ಮೇಲೆ ನಿಮಗೆ ಪರಿಚಯವಾಗಿರುವ ಅದೇ ಬಿಳೀ ಮುದ್ದೆ. ಒಣಗುವಾಗ ವಿನೆಗರ್ ವಾಸನೆ ಬರುವ ಸಿಲಿಕಾನ್ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ನೀರು ತಿನ್ನದಿರಲಿ ಅಂತ ತಾನೇ ತಿನ್ನಿಸಿದ ಪುಣ್ಯಾತ್ಮ. ಬಣ್ಣ ಕೆರೆದು ಬರಿಯ ಲೋಹ ಕಾಣಿಸಿ, ರಿಂಗ್ ಟರ್ಮಿನಲ್, ಹಲ್ಲಿನ ವಾಷರ್ ಹಾಕಿ ಬಿಗಿಮಾಡಿದರೆ ಅರ್ಧದಷ್ಟು ದೆವ್ವಗಳು ಅವತ್ತೇ ಬಿಟ್ಟುಹೋಗುತ್ತವೆ.

1973ರಿಂದ 1978ರವರೆಗೆ ಬಂದ ಜಿಎಂಸಿ ಮೋಟಾರ್‌ಹೋಮ್‌ನಂಥದ್ದು ಕೈಗೆ ಸಿಕ್ಕಿದ್ದರೆ ಸ್ಪ್ರಿಂಗ್ ಬದಲಿಗೆ ಗಾಡಿಯ ಭಾರ ಹೊರುವ ಹಿಂದಿನ ಏರ್ ಬ್ಯಾಗುಗಳನ್ನೂ ನೋಡಿ. ಗಾಳಿ ಸೋರುತ್ತಿದ್ದರೆ ಬೆಳಿಗ್ಗೆ ಗಾಡಿ ಎಮ್ಮೆಯ ಹಾಗೆ ಹಿಂಬದಿ ಊರಿ ಕೂತಿರುತ್ತದೆ. ಸೋಪಿನ ನೀರು ಬಳಿದರೆ ಗುಳ್ಳೆ ಬರುವ ಜಾಗ ಸಿಗುತ್ತದೆ. ಆ ಜಾಗದಲ್ಲಿ ಏನು ಮೆತ್ತಿರುತ್ತದೆ ಎಂದು ನಾನು ಬೇರೆ ಹೇಳಬೇಕೇ?

ಮಂಚದ ಮೇಲಿನ ಹಲಗೆ ಬಿಚ್ಚಿದಾಗ ಕೆಲವು ಸಲ ಒಂದರ ಮೇಲೊಂದು ಮೂರು ಪದರ ಸಿಲಿಕಾನ್ ಸಿಗುತ್ತದೆ. ತಳದ್ದು ಹಳದಿಗಟ್ಟಿದೆ, ನಡುವಿನದ್ದು ಮಾಸಿದೆ, ಮೇಲಿನದ್ದು ಬಿಳಿ. ಮೂರು ಮಳೆಗಾಲ. ಕತ್ತಲಲ್ಲಿ ಹಾಸಿಗೆ ಮೇಲೆ ಹನಿ ಬಿದ್ದಿದೆ, ಮಕ್ಕಳನ್ನು ಆ ಬದಿಗೆ ಸರಿಸಿದ್ದಾರೆ, ಯಾರೋ ಟಾರ್ಚ್ ಹಿಡಿದಿದ್ದಾರೆ, ಬೆಳಗಾದರೆ ಹೊರಡಬೇಕು. ಆಗ ಬ್ಯುಟೈಲ್ ಟೇಪ್ ಯಾರ ಹತ್ತಿರ ಇರುತ್ತದೆ? ಒಂದು ಕ್ಷಣ ಕೆರೆಯುವ ಕೈ ನಿಲ್ಲುತ್ತದೆ.

ಒಂದೇ ಕ್ಷಣ. ಎಲ್ಲ ಜೋಡಿಸಿ, ಹೊರಗಿನಿಂದ ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಭಾಗಕ್ಕೆ ಹತ್ತು ನಿಮಿಷ ನೀರು ಬಿಟ್ಟರೆ ಮಂಚ ಒಣಗಿದೆ, ಕಿಟಕಿ ಒಣಗಿದೆ, ನೆಲ ಒಣಗಿದೆ. ಡ್ರೈವರ್ ಕಾಲ ಬಳಿ ಮಾತ್ರ ಒಂದು ಹನಿ. ಮಳೆನೀರು ಹಸಿರಾಗಿರುವುದಿಲ್ಲ. ಅದು ಹೀಟರ್‌ನ ಕೂಲಂಟ್, ಎಂಜಿನ್ ತಣಿಸುವ ದ್ರವ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಟಾರ್ಚ್ ಹಾಕಿದರೆ, ಹೋಸಿನ ಬುಡದಲ್ಲಿ, ಬೆರಳಿನಲ್ಲಿ ನಯಮಾಡಿದ ಅದೇ ಬಿಳೀ ಉಂಗುರ.